ಗೋಡೆಯಾಚೆಯ ಗಂಧದ ಗಿಡ

ಅವರ ಹುಬ್ಬಿನ ಮೇಲೆ ಯಾವಾಗಲೂ ಹತ್ತಿಯ ಎಳೆ ಕೂತಿರುತ್ತಿತ್ತು. ಸೀನಿದರೆ ಹಾರಿ ಮತ್ತೆ ಮೀಸೆ ಮೇಲೆ ಇಳಿಯುತ್ತಿತ್ತು. ಕೆರೂರಿನಲ್ಲಿ ನಮ್ಮ ಪಕ್ಕದ ಮನೆಯವರು, ಹತ್ತಿ ಹಿಂಜಿ ಗಾದಿ ತುಂಬುವವರು. ಊರಿಗೆಲ್ಲ ಗಾದಿ ಕಾಕಾ.

ಅವರ ಹಿತ್ತಲಲ್ಲಿ ಒಂದು ಗಂಧದ ಗಿಡವಿತ್ತು. ಅವರ ಹೆಂಡತಿ, ನಮ್ಮೆಲ್ಲರ ಕಾಕು, ಹಚ್ಚಿ ಬೆಳೆಸಿದ್ದು. ಕಾಕು ತೀರಿಕೊಂಡ ಮೇಲೆ ಕಾಕಾ ಅದರ ನೆರಳಲ್ಲೇ ಕೂತು ಗಾದಿ ಹೊಲಿಯುತ್ತಿದ್ದರು. ಅದರ ಹಣ್ಣು ತಿಂದ ಹಕ್ಕಿ ಯಾವುದೋ ನಮ್ಮ ಹಿತ್ತಲಲ್ಲೂ ಬೀಜ ಹಾಕಿ, ಸಸಿ ಎದ್ದಿತು. ಅಂದಿನಿಂದ ಬೆಳಗಾದರೆ ಗೋಡೆಯಾಚೆಯಿಂದ ಒಂದೇ ಪ್ರಶ್ನೆ: "ತಂಗಿ, ಮಗಳು ಹೆಂಗದಾಳ?"

ಹೊಸದಾಗಿ ಬಂದ ನನ್ನ ಸೊಸೆ ಗಾಬರಿಯಾದಳು. "ಅತ್ತಿ, ನಿಮಗ ಮಗಳೂ ಅದಾಳೇನ್ರಿ? ನಮಗ ಯಾರೂ ಹೇಳೇ ಇಲ್ಲ!"

ನಾನು ಸಸಿಯತ್ತ ಬೆರಳು ಮಾಡಿದೆ. ಕಾಕಾ ನಕ್ಕು ನಕ್ಕು ಸೂಜಿ ಕಳಕೊಂಡರು.

ಒಂದು ವರ್ಷ ಅವರ ಗಿಡ ಒತ್ತೊತ್ತಾಗಿ ಚಿಗುರಿತು. "ಭಾಳ ಚಿಗತೈತಲ್ರಿ ಕಾಕಾ!" ಎಂದೆ.

"ನಿಮ್ಮ ಕಾಕು ನೆನಸ್ಯಾಳ ನೋಡವಾ," ಎಂದು ಹಿಗ್ಗಿದರು.

ಅದು ಚಿಗುರಲ್ಲ, ರೋಗ. ಎಲೆ ಸಣ್ಣಗಾಗುತ್ತ ಹೋಗಿ ಮುಳ್ಳಿನಂತೆ ನೆಟ್ಟಗೆ ನಿಂತವು. ಹೂವಿಲ್ಲ, ಕಾಯಿಲ್ಲ, ಹಕ್ಕಿಯ ಸುಳಿವಿಲ್ಲ. ಅರಣ್ಯ ಇಲಾಖೆಯವರು ಬಂದು ನೋಡಿ, ಇದಕ್ಕೆ ಔಷಧವಿಲ್ಲ ಎಂದರು. ಗಿಡದ ರಸ ಹೀರುವ ಜಿಗಿಹುಳ ಈ ರೋಗವನ್ನು ಪಕ್ಕದ ಗಿಡಕ್ಕೂ ಒಯ್ಯುತ್ತದಂತೆ. ಕಡಿಯುವುದೇ ಒಳ್ಳೆಯದೆಂದು ಒಪ್ಪಿಗೆಯನ್ನೂ ಕೊಟ್ಟರು.

ಕಾಕಾ ಇವತ್ತು ನಾಳೆ ಅನ್ನುತ್ತ ದಿನ ತಳ್ಳಿದರು. ಕಾಕು ಹಚ್ಚಿದ ಗಿಡ, ಕೈ ಹೇಗೆ ಬಂದೀತು? ನಾನೂ ಬಾಯಿಬಿಟ್ಟು ಕಡಿಯಿರಿ ಅನ್ನಲಿಲ್ಲ. ಒಂದು ಬೆಳಿಗ್ಗೆ ತಾವೇ ನಮ್ಮ ಹಿತ್ತಲಿಗೆ ಬಂದು, ಕನ್ನಡಕ ಏರಿಸಿ ಸಸಿಯ ಎಲೆ ಎಲೆ ಹೊರಳಿಸಿ ನೋಡಿದರು.

"ಇಕಿಗಿನ್ನೂ ರೋಗ ಹತ್ತಿಲ್ಲ. ಇಕೀನೂ ಆಕೀ ಹೊಟ್ಯಾಗಿಂದನ ಬಂದಾಕಿ ಅಲ್ಲೇನವಾ? ಇಕಿ ಉಳೀಲಿ."

ಆ ಮಧ್ಯಾಹ್ನವೇ ಕೊಡಲಿ ಬಿತ್ತು. ಮರುದಿನ ಕಾಕಾ ಬಿಸಿಲಲ್ಲೇ ಕೂತು ಹೊಲಿದರು. ಗೋಡೆಯಾಚೆಯ ಪ್ರಶ್ನೆ ಮಾತ್ರ ನಿಲ್ಲಲಿಲ್ಲ, ಅವರು ಹಾಸಿಗೆ ಹಿಡಿಯುವ ತನಕ. ಆ ಹಾಸಿಗೆಯಿಂದ ಅವರು ಮತ್ತೆ ಏಳಲಿಲ್ಲ.

ಈಗ ನನಗೆ ಮೊಮ್ಮಗಳು ಬಂದಿದ್ದಾಳೆ! ಮನೆಯಲ್ಲಿ ನನ್ನ ಕಾಲು ನೆಲಕ್ಕೆ ತಾಗುತ್ತಿಲ್ಲ. ಕೂಸಿನ ಗಾದಿ ಮಾತ್ರ ಪೇಟೆಯಿಂದ ತಂದದ್ದು. ಕೈಯಾಡಿಸಿದಾಗಲೆಲ್ಲ ಹತ್ತಿಯ ಎಳೆ ಕೂತ ಆ ಹುಬ್ಬು ಕಣ್ಣಮುಂದೆ ಬರುತ್ತದೆ. ನಮ್ಮ ಗಂಧದ ಗಿಡವೂ ಈ ಸಲವೇ ಮೊದಲ ಕಾಯಿ ಬಿಟ್ಟಿದೆ. ಮೊನ್ನೆ ಬೆಳಿಗ್ಗೆ ಕೂಸನ್ನು ಎತ್ತಿಕೊಂಡು ಗೋಡೆಯ ಹತ್ತಿರ ಹೋದೆ. ಆಚೆಯಿಂದ ಯಾರೂ ಕೇಳಲಿಲ್ಲ. ಆದರೂ ಹೇಳಿದೆ:

"ಮಗಳು ಚಲೋ ಅದಾಳ್ರೀ ಕಾಕಾ. ಕಾಯಿ ಬಿಟ್ಟಾಳ."