ಶಾಂಪೂವಿನ ತವರುಮನೆ

ನಲ್ಲೂರಿನಲ್ಲಿ ರಹಮತ್‌ಬೀ ನೀರೆರೆಯದ ಕೂಸಿಲ್ಲ. ಮೂವತ್ತೆಂಟು ವರ್ಷದಿಂದ ಇದೇ ಕೆಲಸ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿ, ಎಣ್ಣೆ ಹಚ್ಚಿ ಮೊದಲು ಬೆನ್ನು ನೀವುವಳು, ಆಮೇಲೆ ಕೈಕಾಲು, ಕಡೆಗೆ ನೆತ್ತಿ. ನೀರಿನ ಬಿಸಿಯನ್ನು ಮೊಣಕೈ ಅದ್ದಿಯೇ ನೋಡುವಳು. ಬೆರಳನ್ನು ನಂಬಬಾರದು ಎನ್ನುವಳು.

ಇಂಗ್ಲಿಷ್ ಮೇಷ್ಟ್ರು ಗುರುಬಸವರಾಜ್ ಅವರ ಮಗಳು ಸಂಧ್ಯಾರಾಣಿ ಬಾಣಂತನಕ್ಕೆ ಬಂದಾಗಲೂ ಹನ್ನೊಂದು ದಿನ ಕೂಸಿಗೆ ರಹಮತ್‌ಬೀಯೇ ಎರೆದಳು. ಹನ್ನೊಂದನೆಯ ದಿನ ಎರೆದು ಮುಗಿಸಿ ಬಂದವಳನ್ನು ಮೇಷ್ಟ್ರು ಪಡಸಾಲೆಯಲ್ಲಿ ನಿಲ್ಲಿಸಿದರು.

"ನಾಳೆಯಿಂದ ಬರಬ್ಯಾಡ್ರಿ ರಹಮತ್‌ಬೀ. ಈ ತಿಕ್ಕೋದು ಒತ್ತೋದು ಹಳೇ ಕಾಲದ್ದು. ಬೇಬಿ ಶಾಂಪೂ ತಂದೀನಿ."

ಮೇಷ್ಟ್ರಿಗೊಂದು ಚಟ. ಯಾವ ಇಂಗ್ಲಿಷ್ ಪದ ಬಾಯಿಗೆ ಬಂದರೂ ಅದರ ಹುಟ್ಟಿದೂರು ಹೇಳದೆ ಬಿಡುತ್ತಿರಲಿಲ್ಲ. ಕ್ವಾರಂಟೈನ್ ಎಂದರೆ ಮೂಲದಲ್ಲಿ ನಲವತ್ತು ದಿನವೆಂದು ಕೊರೊನಾ ಕಾಲದಲ್ಲಿ ಕೆಮ್ಮುವವರನ್ನೂ ನಿಲ್ಲಿಸಿಕೊಂಡು ಹೇಳಿದ್ದರು. ಅಂದು ಜಗಳೂರಿನ ಬೀಗರು ಬಂದು ಕೂತಿದ್ದರು. ಕೇಳಬೇಕೆ? ಬಾಟಲಿ ಎತ್ತಿ ಹಿಡಿದರು.

"ಬೀಗ್ರೇ, ಶಾಂಪೂ ಅನ್ನೋದು ನಮ್ ದೇಶದ್ದೇ ಮಾತು. ಹಿಂದಿಯ ಚಾಂಪೋ. ಒತ್ತು, ನಾದು ಅಂತ. ಇಲ್ಲಿಗೆ ಬಂದ ಬಿಳಿಯರು ನಮ್ಮೋರ ಕೈಲಿ ಮೈ ಒತ್ತಿಸ್ಕೊಂಡು, ಆ ಮಾತೂ ಒಯ್ದ್ರು. ತಲೆ ತೊಳಿಯೋ ಅರ್ಥ ಆಮ್ಯಾಲೆ ಬಂದಿದ್ದು."

ರಹಮತ್‌ಬೀ ಸೆರಗಿನಿಂದ ಕೈಯ ಎಣ್ಣೆ ಒರೆಸಿಕೊಂಡಳು. "ಅಂದ್ರೆ ಮೇಷ್ಟ್ರೇ, ಒತ್ತೋ ಕೈ ಬ್ಯಾಡ, ಅದರ ಹೆಸರು ಅಂಟಿಸಿದ ಬಾಟ್ಲಿ ಬೇಕು. ಚೆನ್ನಾಗೈತ್ರಿ ನಿಮ್ ವಿದ್ಯೆ!"

ಬೀಗರು ನಕ್ಕರು, ಮೇಷ್ಟ್ರು ನಗಲಿಲ್ಲ.

ಮನೆಯ ದಾರಿಯುದ್ದಕ್ಕೂ ಅವಳು ಅದನ್ನೇ ನೆನೆದಳು. ಸಂಧ್ಯಾರಾಣಿ ಕೂಸಾಗಿದ್ದಾಗ ಅದೇ ಬಚ್ಚಲಲ್ಲಿ ಅವಳಿಗೂ ತಾನೇ ಎರೆದವಳು. ಮೇಷ್ಟ್ರ ಮನೆಯವರೇ ಬಿಡಿಸಿದರೆಂದರೆ ಊರಿನವರೂ ಬಿಡಿಸುತ್ತಾರೆ. ಆಮೇಲೆ ಈ ಕೈಯನ್ನು ಯಾರು ಕೇಳುತ್ತಾರೆ?

ಮೂರನೆಯ ಬೆಳಿಗ್ಗೆ ಮೇಷ್ಟ್ರ ಸ್ಕೂಟರ್ ಅವಳ ಬಾಗಿಲಿಗೆ ಬಂತು. ಅಂಗಿಯ ತುಂಬ ನೊರೆ ಒಣಗಿದ ಕಲೆ.

"ಕೂಸು ಎರಡು ದಿನದಿಂದ ನಿದ್ದೆ ಮಾಡಿಲ್ರಿ. ಬರ್ರಿ."

"ಪದದ ಕತೆ ಹೇಳ್ಬೇಕಿತ್ರಿ. ಊರೋರಿಗೆಲ್ಲ ಅದರಿಂದ್ಲೇ ನಿದ್ದೆ ಬರ್ತೈತೆ."

ಸ್ಕೂಟರ್ ಹತ್ತಲಿಲ್ಲ, ನಡೆದೇ ಹೋದಳು. "ಬಂದ್ಯಾ ಬೂಬಮ್ಮಾ!" ಎಂದು ಚಿಕ್ಕಂದಿನ ರೂಢಿಯಂತೆಯೇ ಕರೆದ ಸಂಧ್ಯಾರಾಣಿ, ಬಚ್ಚಲಲ್ಲಿ ಕೂತವಳ ಕಾಲ ಮೇಲೆ ಕೂಸನ್ನು ಮಲಗಿಸಿದಳು.

"ನೀರು ತೋಡ್ರಿ ಮೇಷ್ಟ್ರೇ. ಹಂಡೇದು ಎರಡು ಚೊಂಬು, ತಣ್ಣೀರು ಒಂದು. ಬಿಸಿ ನೋಡ್ರಿ."

ಮೇಷ್ಟ್ರು ತೋಡಿ, ಬೆರಳು ಅದ್ದಿ, "ಸರಿ ಐತೆ" ಎಂದರು.

"ಬೆರಳಲ್ರಿ. ಮೊಣಕೈ."

ಮೇಷ್ಟ್ರು ಅಂಗಿಯ ತೋಳು ಮಡಿಸಿದರು.