ಮೊದಲು ಕೈ ತೊಳೆಯಿರಿ, ಆಮೇಲೆ ಹಾವನ್ನು ಬೈಯಿರಿ

ಬರ್ನೋ ಊರಿನ ಮೊದಲ ಟ್ರಾಮು ಹೊರಡುವ ಹೊತ್ತು. ವ್ಲಾಸ್ತಾ ಪೆಶ್ಕೊವಾ ಬಿಸಿನೀರಿನ ಬಕೆಟ್ಟಿನಲ್ಲಿ ಸತ್ತ ಇಲಿಗಳನ್ನು ತೇಲಿಬಿಟ್ಟು, ಪಕ್ಕದಲ್ಲೇ ನಿಂತು ಕಾಫಿ ಕುಡಿಯುತ್ತಿದ್ದಾರೆ. ಒಂದೊಂದು ಇಲಿಯೂ ಒಂದೊಂದು ಪ್ಲಾಸ್ಟಿಕ್ ಚೀಲದಲ್ಲಿದೆ. ಮಂಜುಗಡ್ಡೆಯಂತಿದ್ದವು ರಾತ್ರಿಯೆಲ್ಲ ಫ್ರಿಜ್ಜಿನಲ್ಲಿದ್ದು ಮೆತ್ತಗಾಗಿವೆ, ಈಗ ಮೈ ಬೆಚ್ಚಗಾಗಬೇಕು. ತಣ್ಣನೆಯ ಇಲಿಯನ್ನು ಹಾವು ಮೂಸಿಯೂ ನೋಡುವುದಿಲ್ಲವಂತೆ. "ಆರಿದ ಸೂಪು ಕೊಟ್ರೆ ನೀವು ಕುಡೀತೀರಾ?" ಅಂತ ನನ್ನನ್ನೇ ಕೇಳುತ್ತಾರೆ.

ಇದು ಊರಿನ ಅನಾಥ ಪ್ರಾಣಿಗಳ ಆಶ್ರಯಧಾಮ. ನಾಯಿ ಬೆಕ್ಕುಗಳ ಅಂಗಳಕ್ಕೆ ಬರುವವರು ಬೇಕಾದಷ್ಟು, ಮಕ್ಕಳು ಬಿಸ್ಕತ್ತು ತರುತ್ತಾರೆ, ಪತ್ರಿಕೆಯವರು ಫೋಟೋ ತೆಗೆಯುತ್ತಾರೆ. ಹಿಂದಿನ ಹಾವಿನ ಕೋಣೆಗೆ ಮಾತ್ರ ಒಬ್ಬ ನರಪಿಳ್ಳೆಯೂ ಇಣುಕುವುದಿಲ್ಲ. ವ್ಲಾಸ್ತಾ ಇಲ್ಲಿ ಗಾಜು ಒರೆಸುತ್ತಾರೆ, ದೀಪದ ಕಾವು ನೋಡುತ್ತಾರೆ, ಊಟ ಹಾಕುತ್ತಾರೆ. ಇದಕ್ಕೂ ಮುಂಚೆ ಶಾಲೆಯೊಂದರ ಅಡುಗೆಮನೆಯಲ್ಲಿದ್ದರು. "ಅಲ್ಲಿ ಮಕ್ಕಳು ಪಾಲಕ್ ಬೇಡ ಅಂತ ಹಟ ಮಾಡ್ತಿದ್ವು. ಇಲ್ಲಿ ಇವು ಇಲಿ ಬೇಡ ಅಂತಾವೆ. ನನ್ನ ಹಣೆಬರಹವೇ ಇಷ್ಟು" ಎನ್ನುತ್ತಾರೆ.

ಕೈಗಿಂತ ಉದ್ದನೆಯ ಚಿಮ್ಮಟದಲ್ಲಿ ಇಲಿಯ ಸೊಂಟ ಹಿಡಿದು, ಪೆಟ್ಟಿಗೆಯೊಳಗೆ ಇಳಿಸಿ, ಸ್ವಲ್ಪವೇ ಅಲುಗಿಸುತ್ತಾರೆ. ಬಳ್ಳಿಯಂತೆ ಬಿದ್ದಿದ್ದ ಹಾವು ನಾಲಗೆ ಆಡಿಸುತ್ತದೆ, ಕುತ್ತಿಗೆ ಹಿಂದಕ್ಕೆಳೆಯುತ್ತದೆ, ಅಷ್ಟೇ ನಾನು ಕಂಡದ್ದು. ಮರುಗಳಿಗೆಯಲ್ಲಿ ಇಲಿ ಅದರ ಬಾಯಲ್ಲಿದೆ, ಮೈ ಇಲಿಗೆ ಸುತ್ತಿಕೊಂಡಿದೆ. ಸತ್ತ ಇಲಿಯನ್ನು ಮತ್ತೊಮ್ಮೆ ಕೊಲ್ಲುವ ಶ್ರದ್ಧೆ ನೋಡಿ ನನಗೆ ನಗು ಬರುತ್ತದೆ. ಇನ್ನೂ ಹತ್ತಿರದಿಂದ ನೋಡೋಣವೆಂದು ಪಕ್ಕದ ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಡುತ್ತೇನೆ.

"ರೀ! ಈಗ ತಾನೇ ಆ ಕೈಯಲ್ಲಿ ಹಂದಿಮಾಂಸ ತಿಂದ್ರಿ. ಕೈ ತೊಳ್ಕೊಂಡ್ರಾ?"

ತೊಳೆದಿರಲಿಲ್ಲ. ಮೂಲೆಯ ನಲ್ಲಿ ತೋರಿಸಿ, ನಾನು ಸೋಪು ಹಚ್ಚುವವರೆಗೂ ದಿಟ್ಟಿಸಿ ನಿಲ್ಲುತ್ತಾರೆ. ಸಂದರ್ಶನಕ್ಕೆ ಬಂದವನಿಗೂ ರಿಯಾಯಿತಿ ಇಲ್ಲ.

ಹಾವಿಗೆ ಹಾಲೆರೆದರೆ ಏನು ಫಲ ಎಂಬ ಗಾದೆಯನ್ನು ಇವರ ಮುಂದೆ ಹೇಳಿ ನೋಡಿ. ಹಾಲು ಕುಡಿಯುವ ಹಾವು ಎಲ್ಲಿದೆ, ತೋರಿಸಿ ಎಂದು ಜಗಳಕ್ಕೇ ನಿಲ್ಲುತ್ತಾರೆ. ಜೀವಂತ ಇಲಿಯನ್ನು ಪೆಟ್ಟಿಗೆಗೆ ಬಿಡುವವರನ್ನು ಕಂಡರಂತೂ ಮೈಯೆಲ್ಲ ಉರಿ. "ಇಲಿಗೂ ಹಲ್ಲಿಲ್ವಾ? ಮೂಲೇಲಿ ಸಿಕ್ಕಿದ್ರೆ ಅದು ಸುಮ್ನೆ ಕೂತು ಜಪ ಮಾಡುತ್ತಾ? ಹಾವಿನ ಕಣ್ಣೇ ಕಿತ್ತಿದ್ದು ನೋಡಿದೀನಿ. ಹೇಳಿ ಹೇಳಿ ಬಾಯಿ ಒಣಗ್ತು."

ಈ ವಾರ ಅವರ ತಲೆನೋವಿನ ಹೆಸರು ಕ್ನೆಡ್ಲಿಕ್. ಇಲ್ಲಿ ಊಟಕ್ಕೆ ಮಾಡುವ ಕಡುಬಿನ ಹೆಸರದು. ನಿವೃತ್ತ ಟ್ರಾಮು ಚಾಲಕ ಕುಬೆಲ್ಕಾ ಅವರ ಮನೆಯ ಬೋವಾ ಹಾವಿಗೂ ಅದೇ ಹೆಸರು. ವಿಷವಿಲ್ಲದ್ದು, ವರ್ಷಗಟ್ಟಲೆ ಗಾದಿಯ ಹಾಗೆ ಸಾಧುವಾಗಿದ್ದದ್ದು, ಭಾನುವಾರ ಯಜಮಾನರ ಮುಂಗೈಯನ್ನೇ ಹಿಡಿಯಿತು. ಹೆಂಡತಿ ಹೆಡ್ವಿಕಾ ಕೈಗೆ ಸಿಕ್ಕ ಪ್ಲಮ್ ಸಾರಾಯಿಯನ್ನು ಅದರ ಬಾಯಿಗೆ ಸುರಿದ ಮೇಲೇ ಬಿಟ್ಟದ್ದು. ಶನಿವಾರದೊಳಗೆ ಹಾವು ಹೋಗಬೇಕು, ಇಲ್ಲವೇ ತಾನು ತಂಗಿಯ ಮನೆಗೆ ಹೋಗುತ್ತೇನೆಂದು ಆಕೆಯ ಕಟ್ಟಪ್ಪಣೆ.

ಆಶ್ರಯಧಾಮದಲ್ಲಿ ಖಾಲಿ ಇರುವುದು ಒಂದೇ ಪೆಟ್ಟಿಗೆ. ವ್ಲಾಸ್ತಾ ಅದನ್ನು ತೊಳೆದು, ದೀಪ ಹಾಕಿ ಸಿದ್ಧ ಮಾಡಿದ್ದಾರೆ, ಮುಖ ಗಂಟಿಕ್ಕಿಕೊಂಡೇ. "ಕಚ್ಚೋ ಹಾವು ಅಂತ ಹೆಸರು ಬಂದ್ರೆ ಯಾರು ಕರ್ಕೊಂಡು ಹೋಗ್ತಾರೆ? ಇಲ್ಲಿ ಒಂದಷ್ಟು ದಿನ. ಆಮೇಲೆ ಡಾಕ್ಟ್ರು, ಒಂದು ಸೂಜಿ, ಕಥೆ ಮುಗೀತು" ಎಂದು ಹೇಳಿ ಬಕೆಟ್ಟು ಬಗ್ಗಿಸುತ್ತಾರೆ. ನೀರೆಲ್ಲ ಹೋದ ಮೇಲೂ ಬಕೆಟ್ಟು ಬಗ್ಗಿಸಿಯೇ ನಿಂತಿರುತ್ತಾರೆ.

ಹಾವನ್ನು ತರಲೆಂದು ಹೊರಟವರ ಹಿಂದೆ ನಾನೂ ಹೋಗುತ್ತೇನೆ. ಒಂದು ಇಲಿಯನ್ನು ಫ್ಲಾಸ್ಕಿನ ಬಿಸಿನೀರಿನಲ್ಲಿಟ್ಟು ಚೀಲಕ್ಕೆ ಹಾಕಿಕೊಂಡಿದ್ದಾರೆ. "ಪಾಪ, ಹಸಿದುಕೊಂಡೇ ಯಾಕೆ ಬರಬೇಕು?" ಕುಬೆಲ್ಕಾ ಅವರ ಮನೆ ನಾಲ್ಕನೆಯ ಮಹಡಿ, ಲಿಫ್ಟು ಕೆಟ್ಟಿದೆ. ಎಲ್ಲರ ಮನೆಯ ಹಾಗೆ ಇಲ್ಲೂ ಬೂಟು ಬಾಗಿಲಲ್ಲೇ ಬಿಡಬೇಕು. ಅತಿಥಿಗಳ ಚಪ್ಪಲಿ ಸಾಲಾಗಿ ಕಾಯುತ್ತಿವೆ. ಕುಬೆಲ್ಕಾ ಕೈಗೆ ಬ್ಯಾಂಡೇಜು ಸುತ್ತಿಕೊಂಡು, ಹಳೇ ಕಂದು ಸ್ವೆಟರ್ ತೊಟ್ಟು ಬರುತ್ತಾರೆ. ಮುಖ ನೋಡಿದರೆ ಸಂಕಟವಾಗುತ್ತದೆ. ಹೆಡ್ವಿಕಾ ಅಡುಗೆಮನೆಯ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾರೆ.

"ಕಚ್ಚಿ ಬಿಡ್ತೋ, ಹಿಡ್ಕೊಂಡ್ತೋ?" ವ್ಲಾಸ್ತಾ ಕೇಳುತ್ತಾರೆ.

"ಹಿಡ್ಕೊಂಡು ಕೈಗೆ ಸುತ್ಕೊಂಡುಬಿಡ್ತು. ಒಳ್ಳೇ ಹಳೇ ಸಾರಾಯಿ ಅದು, ನಮ್ಮಪ್ಪ ಇಳಿಸಿದ್ದು. ಪೂರ್ತಿ ಬಾಟಲಿ ಸುರಿದ್ಲು ಇವಳು!"

"ನಿನ್ನ ಕೈಗಿಂತ ಬಾಟಲಿ ಹೆಚ್ಚಾಯ್ತಾ ಮುದುಕಪ್ಪ?" ಹೆಡ್ವಿಕಾ ರೇಗುತ್ತಾರೆ.

ವ್ಲಾಸ್ತಾ ಚೀಲ ಕೆಳಗಿಡುತ್ತಾರೆ. "ಸಿಟ್ಟಾದ ಹಾವು ಕಚ್ಚಿ ತಕ್ಷಣ ಬಿಟ್ಬಿಡುತ್ತೆ, ಹೋಗಾಚೆ ಅನ್ನೋ ಥರ. ಹಿಡಿದು ಸುತ್ಕೊಂಡ್ರೆ ಅದು ಊಟ. ನಿಮ್ಮ ಕೈಯನ್ನ ಊಟ ಅಂದ್ಕೊಂಡಿದೆ. ಭಾನುವಾರ ಏನು ಮುಟ್ಟಿದ್ರಿ?"

"ಏನೂ ಇಲ್ಲ. ತೋಟಕ್ಕೆ ಹೋಗಿದ್ದೆ, ಮೊಲಗಳಿಗೆ ಹುಲ್ಲು ಹಾಕಿದೆ, ಒಂದನ್ನ ಎತ್ಕೊಂಡು ತೂಕ ನೋಡಿದೆ. ಬಂದ ತಕ್ಷಣ ಮೊಣಕೈವರೆಗೂ ಸೋಪು ಹಾಕಿ ತೊಳ್ದಿದೀನಿ, ದೇವರಾಣೆ!"

ಊರಂಚಿನ ತೋಟದ ತುಂಡಿನಲ್ಲಿ ಮೊಲ ಸಾಕುವುದು, ಹಬ್ಬಕ್ಕೆ ಒಂದನ್ನು ಕೆನೆಯ ಸಾರಿನಲ್ಲಿ ಬೇಯಿಸುವುದು ಇಲ್ಲಿನ ಮುದುಕರ ಧರ್ಮ. ವ್ಲಾಸ್ತಾ ಮುಂದೆ ಬಾಗಿ ಅವರ ತೋಳನ್ನು ಮೂಸುತ್ತಾರೆ. ಮೂಗು ಮುಚ್ಚಿಕೊಳ್ಳುತ್ತಾರೆ.

"ಅಯ್ಯೋ ನನ್ನ ಕರ್ಮವೇ! ಕೈ ತೊಳೆದ್ರಿ, ಅದರ ಮೇಲೆ ಮತ್ತೆ ಇದೇ ಸ್ವೆಟರ್ ಎಳ್ಕೊಂಡ್ರಿ! ಬೂಟು ಬಾಗಿಲಲ್ಲಿ ಬಿಡ್ತೀರಿ, ಇಡೀ ಮೊಲದ ಗೂಡನ್ನ ಮೈಮೇಲೆ ಹೊತ್ಕೊಂಡು ಒಳಗೆ ಬರ್ತೀರಿ. ಆ ಹಾವಿಗೆ ಕಾಣೋದು ಎಷ್ಟು? ಮೊಲದ ವಾಸನೆ, ಮೈಯ ಬಿಸಿ, ಅಲುಗಾಟ. ಇನ್ನೇನು, ಕರಪತ್ರ ಹಂಚಬೇಕಿತ್ತಾ ಊಟ ಬಂತು ಅಂತ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ. ಆದರೆ ಕುಬೆಲ್ಕಾ ಒಪ್ಪುವ ಆಸಾಮಿಯೇ? ಇಷ್ಟು ವರ್ಷ ಇದೇ ಸ್ವೆಟರ್ ಅಂತಾರೆ. ಇಷ್ಟು ವರ್ಷ ಮೊಲ ಎಲ್ಲಿದ್ದವು, ಕಳೆದ ಶರತ್ಕಾಲದಲ್ಲಿ ತಾನೇ ತಂದದ್ದು ಎಂದು ಹೆಡ್ವಿಕಾ ಅಲ್ಲಿಂದಲೇ ಕೂಗುತ್ತಾರೆ.

ವ್ಲಾಸ್ತಾ ಕೈ ತೊಳೆದು, ಮೂಲೆಯಲ್ಲಿದ್ದ ಹಾವಿನ ಪೆಟ್ಟಿಗೆ ತೆರೆದು, ಜೊತೆಗೆ ತಂದ ಕೊಕ್ಕೆಯಿಂದ ಹಾವಿನ ಬೆನ್ನನ್ನು ಮೆಲ್ಲಗೆ ಸವರುತ್ತಾರೆ. ಇದು ಊಟದ ಹೊತ್ತಲ್ಲ ಎಂದು ತಿಳಿಸುವ ರೀತಿ ಅದು. ಆಮೇಲೆ ಬರಿಗೈ ಒಳಗಿಡುತ್ತಾರೆ. ಹೆಡ್ವಿಕಾ ಬಾಗಿಲ ಚೌಕಟ್ಟು ಹಿಡಿದುಕೊಳ್ಳುತ್ತಾರೆ. ಕ್ನೆಡ್ಲಿಕ್ ಆ ಬೆರಳುಗಳನ್ನು ನಾಲಗೆಯಿಂದ ತಟ್ಟಿ ನೋಡುತ್ತದೆ, ಬೇಸರವಾದಂತೆ ತಲೆ ತಿರುಗಿಸಿ ಹರಿದು ಹೋಗುತ್ತದೆ.

"ಅದು ನಿಮ್ಮನ್ನ ಕಂಡ್ರೆ ಹೆದರುತ್ತೆ ಅಷ್ಟೇ" ಎಂದು ಕುಬೆಲ್ಕಾ ಸ್ವೆಟರ್ ಕಳಚಿ, "ಇದ್ರಲ್ಲಿ ಏನಿದೆ ಅಂತ ಇಷ್ಟು ರಂಪ?" ಎನ್ನುತ್ತಾ ಅದರ ತೋಳನ್ನು ತೆರೆದ ಪೆಟ್ಟಿಗೆಯ ಮೇಲೆ ಝಾಡಿಸುತ್ತಾರೆ.

ಪಟ್ಟೆಂದು ಒಂದು ಸದ್ದು. ಸ್ವೆಟರಿನ ತೋಳು ಪೆಟ್ಟಿಗೆಯೊಳಗಿದೆ, ಅದಕ್ಕೆ ಇಡೀ ಹಾವು ಬಿಗಿಯಾಗಿ ಸುತ್ತಿಕೊಂಡಿದೆ.

ವ್ಲಾಸ್ತಾ ಎರಡೂ ಕೈ ಮೇಲೆತ್ತಿ, "ಎಳೀಬೇಡಿ! ಹಲ್ಲು ಮುರಿಯುತ್ತೆ!" ಎಂದು ಕೂಗಿ, ಕುಡಿಯುವ ತಣ್ಣೀರನ್ನು ಅದರ ಬಾಯಂಚಿಗೆ ಹನಿಸುತ್ತಾರೆ. ಅಷ್ಟರಲ್ಲಿ ಹಿಂದಿನಿಂದ ಒಂದು ನಗು. ಹೆಡ್ವಿಕಾ ಗೋಡೆಗೊರಗಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ, ಕಣ್ಣಲ್ಲಿ ನೀರು.

"ಆ ನಾರೋ ಸ್ವೆಟರ್‌ನ ಮನೆಯೊಳಗೆ ತರಬೇಡ, ತರಬೇಡ ಅಂತ ಬಡ್ಕೊಂಡೆ. ಕೋಣನ ಮುಂದೆ ಕಿನ್ನರಿ! ಈ ಮನೇಲಿ ನನ್ನ ಪರ ಮಾತಾಡೋ ಒಂದು ಜೀವ ಈಗ ಸಿಕ್ತು. ಕ್ನೆಡ್ಲಿಕ್ ಎಲ್ಲಿಗೂ ಹೋಗಲ್ಲ. ಹೋಗೋದು ಆ ಸ್ವೆಟರ್."

ಕುಬೆಲ್ಕಾ ಹಾವಿನ ಪೆಟ್ಟಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಬ್ಯಾಂಡೇಜಿನ ಕೈಯಿಂದಲೇ ಕಣ್ಣೊರೆಸಿಕೊಳ್ಳುತ್ತಾರೆ. ಸ್ವೆಟರ್ ಬಿಟ್ಟ ಹಾವಿಗೆ ವ್ಲಾಸ್ತಾ ಫ್ಲಾಸ್ಕಿನ ಇಲಿಯನ್ನು ಚಿಮ್ಮಟದಲ್ಲಿ ಕೊಟ್ಟು, ಎರಡು ದಿನ ಮುಟ್ಟಕೂಡದೆಂದು ಬೆರಳು ತೋರಿಸಿ ಹೇಳಿ ಹೊರಡುತ್ತಾರೆ. ಮೆಟ್ಟಿಲಿಳಿಯುವಾಗ ಪೂರ್ತಿ ಬೈಗುಳ. ಒಬ್ಬರ ಸ್ವೆಟರ್ ಬಿಡಿಸುವಷ್ಟರಲ್ಲಿ ತನ್ನ ಆಯಸ್ಸು ಮುಗಿಯುತ್ತದಂತೆ.

ಮುಂದಿನ ಬಾರಿ ನಾನು ಹಾವಿನ ಕೋಣೆಗೆ ಹೋದಾಗ ಕ್ನೆಡ್ಲಿಕ್‌ಗೆಂದು ಸಿದ್ಧ ಮಾಡಿದ್ದ ಗಾಜಿನ ಪೆಟ್ಟಿಗೆಯಲ್ಲಿ ದೀಪ ಉರಿಯುತ್ತಿದೆ. ಒಳಗೆ ಮೊಸರಿನ ಡಬ್ಬಿಗಳಲ್ಲಿ ಟೊಮೇಟೊ ಸಸಿಗಳು.

"ಇದು ಖಾಲಿ ಇರಬೇಕು ಅನ್ನೋದೇ ನನ್ನಾಸೆ. ಉಳಿದ ಪೆಟ್ಟಿಗೆಗಳೂ ಒಂದೊಂದಾಗಿ ಹೀಗೇ ಖಾಲಿಯಾಗ್ಲಿ. ಕೆಲಸ ಹೋದ್ರೆ ಹೋಗ್ಲಿ, ಟೊಮೇಟೊ ಮಾರ್ತೀನಿ" ಎನ್ನುತ್ತಾರೆ ವ್ಲಾಸ್ತಾ. ಸಸಿಯೊಂದು ಬೆಳಕಿಗೆ ಬಾಗಿದೆ. ಮುಟ್ಟೋಣವೆಂದು ಕೈ ಚಾಚುತ್ತೇನೆ.

"ಮುಟ್ಟಿ, ಇದು ಕಚ್ಚಲ್ಲ" ಎಂದು ಅಪರೂಪಕ್ಕೆ ನಗುತ್ತಾರೆ. ಮರುಗಳಿಗೆಗೇ ಹುಬ್ಬು ಗಂಟಿಕ್ಕುತ್ತಾರೆ. "ಕೈ ತೊಳ್ಕೊಂಡ್ರಾ?"