ಮೂರು ತಿರಸ್ಕೃತ ಮತಗಳು

೧೯೯೧ರಲ್ಲಿ ಏಳನೇ ತರಗತಿಗೆ ಓದು ನಿಲ್ಲಿಸಿ ಗಾರೆ ಕೆಲಸಕ್ಕೆ ಹೋದೆ. ಊರಿಗಾಂನ ಚಿನ್ನದ ಗಣಿ ಕಾರ್ಮಿಕರ ಲೈನು ಮನೆಗಳಿಗೆ ನಾನು ಮಾಡಿದ ಗಿಲಾವು ಇವತ್ತಿಗೂ ಬಿರುಕು ಬಿಟ್ಟಿಲ್ಲ. ಕಾಮಸಮುದ್ರದ ಕಡೆಯ ನಮ್ಮ ಹಳ್ಳಿಯಲ್ಲಿ ಪಂಚಾಯಿತಿ ಚುನಾವಣೆಗೆ ನಿಂತು, ಚಿಕ್ಕಪ್ಪನ ಮಗನ ಎದುರು ಒಂದೇ ಓಟಿನಿಂದ ಸೋತೆ. ಮೂರು ಓಟು ತಿರಸ್ಕೃತ ಎಂದರು. ಅವು ನನ್ನವೇ, ಎಣಿಕೆಗೆ ಕೂತ ಓದಿದವರು ಬೇಕೆಂದೇ ಬದಿಗೆ ಹಾಕಿದ್ದಾರೆ ಎಂದುಕೊಂಡು ಬಂಗಾರಪೇಟೆ ಕೋರ್ಟಿಗೆ ಹೋದೆ.

ವಾಯಿದೆಯ ದಿನ ಕೆಲಸವಿಲ್ಲ. ಕೆಲಸ ಕೊಡುತ್ತಿದ್ದವರು ಬೇರೆ ಮೇಸ್ತ್ರಿಯನ್ನು ನೋಡಿಕೊಂಡರು. ಮೂರು ಹಸುಗಳಲ್ಲಿ ಎರಡು ವಕೀಲರ ಫೀಸಿಗೆ ಹೋದವು. ಗೆದ್ದವನೂ ನಾನೂ ಒಂದೇ ಬಸ್ಸು.

"ಏನಣ್ಣ, ಗೋಡೆ ಕಟ್ಟೋದು ಬುಟ್ಟು ಕೋರ್ಟಿನ ಗೋಡೆಗೆ ಒರಗೋದೇ ಕೆಲ್ಸ ಆಯ್ತಲ್ಲ!" ಎಂದು ಎಲ್ಲರ ಮುಂದೆ ನಗುತ್ತಿದ್ದ.

"ಆ ಮೂರು ಓಟು ಬಿಚ್ಲಿ ಇರ್ಲಾ, ಆಮೇಲೆ ನಗೀವಂತೆ."

ನಾಲ್ಕನೇ ವರ್ಷ ಕೋರ್ಟಿನಲ್ಲಿ ಆ ಓಟುಗಳ ಲಕೋಟೆ ಬಿಚ್ಚಿದರು. ಮೊದಲನೆಯದು ಖಾಲಿ. ಎರಡನೆಯದರಲ್ಲಿ ಇಬ್ಬರಿಗೂ ಸೀಲು. ಮೂರನೆಯದರಲ್ಲಿ ಸೀಲೇ ಇಲ್ಲ. ನನ್ನ ಗುರುತಾದ ಹೊಲಿಗೆ ಯಂತ್ರದ ಮೇಲೆ ಹೆಬ್ಬೆಟ್ಟಿನ ಮಸಿ. ಅದರ ನಡುವೆ ಅಡ್ಡಕ್ಕೆ, ಕುಡುಗೋಲು ತಾಗಿದ ಹಳೇ ಗಾಯದ ಬಿಳಿ ಗೆರೆ.

ಅಮ್ಮನದು. ತಿಂಗಳಿಗೊಮ್ಮೆ ರೇಷನ್ ಅಂಗಡಿಯಲ್ಲಿ ಆ ಹೆಬ್ಬೆಟ್ಟನ್ನು ಹಿಡಿದು ಮಿಷನ್ನಿನ ಮೇಲೆ ಇಡುವವನು ನಾನೇ. ಸವೆದುಹೋಗಿದೆ, ನಾಲ್ಕು ಸಲ ಇಟ್ಟರೂ ಮಿಷನ್ನು ಒಪ್ಪುವುದಿಲ್ಲ. ಕಾಗದದ ಮೇಲೆ ಚೆನ್ನಾಗಿ ಮೂಡಿತ್ತು.

ಓಟಿನ ಹಿಂದಿನ ದಿನ, ನಮ್ಮ ಗುರುತು ಮೇಲಿಂದ ಮೂರನೆಯದು ಎಂದಷ್ಟೇ ಹೇಳಿಕೊಟ್ಟಿದ್ದೆ. ಸೀಲಿನ ಮಾತು ಎತ್ತಿರಲಿಲ್ಲ. ಎಂಎಲ್‌ಎ ಓಟಿನಲ್ಲಿ ಗುಂಡಿ ಒತ್ತಿದ ಅಭ್ಯಾಸ ಅವಳಿಗೆ. ಮತಗಟ್ಟೆಯವರು ಪುಸ್ತಕದಲ್ಲಿ ಹೆಬ್ಬೆಟ್ಟು ಹಾಕಿಸಿಕೊಂಡ ಮಸಿ ಇನ್ನೂ ಹಸಿಯಾಗಿತ್ತು. ಅದರಲ್ಲೇ ಒತ್ತಿ ಬಂದಿದ್ದಾಳೆ.

"ನಿಮ್ಗೇ ಹಾಕಿರೋದು. ಆದ್ರೆ ಲೆಕ್ಕಕ್ಕೆ ಬರಲ್ಲ," ಎಂದರು ನನ್ನ ವಕೀಲರು. "ಯಾರದು, ಗೊತ್ತಾ?"

"ಗೊತ್ತಿಲ್ಲ ಸಾರ್."

ಮುಂದಿನ ವಾಯಿದೆಗೆ ಅರ್ಜಿ ವಜಾ ಆಯಿತು. ಬಸ್ಸಿನಲ್ಲಿ ಚಿಕ್ಕಪ್ಪನ ಮಗ ಆವತ್ತು ನನ್ನ ಪಕ್ಕದಲ್ಲೇ ಬಂದು ಕೂತ. ನನ್ನ ಟಿಕೆಟ್ಟನ್ನೂ ಅವನೇ ತೆಗೆದ.

ಅಮ್ಮ ಹೊಸ್ತಿಲಲ್ಲೇ ಕೂತಿದ್ದಳು.

"ಏನಾಯ್ತಪ್ಪ?"

"ಓಯ್ತಮ್ಮ."

"ನನ್ ಓಟು ನೋಡಿದ್ರಾ? ಗಟ್ಟಿಯಾಗಿ ಒತ್ತಿದ್ದೆ ಕಣಪ್ಪ."

"ನೋಡಿದ್ರು. ಚೆನ್ನಾಗಿ ಬಿದ್ದಿತ್ತು."

"ಮತ್ತೆ ಯಾರಪ್ಪ ಮೋಸ ಮಾಡಿದ್ದು?" ಎಂದು ಅವಳು ಬೀದಿಯನ್ನೇ ಕೇಳಿದಳು. ನಾನು ಕೈಕಾಲು ತೊಳೆಯಲು ಹೋದೆ.

ಈ ತಿಂಗಳೂ ಅವಳ ಕೈ ಹಿಡಿದು ರೇಷನ್ ತಂದೆ. ಈಗ ನನಗಿರುವುದು ಅಮ್ಮ, ಒಂದು ಹಸು, ಗಾರೆ ಮೆತ್ತುವ ಎರಡು ಕರಣೆ, ಮಟ್ಟ ನೋಡುವ ಒಂದು ರಸಮಟ್ಟ, ತೀರ್ಪಿನ ಒಂದು ನಕಲು.